ಸಿಗರೇಟು ಬಿಡಲು ಛಲವೊಂದೇ ಸಾಲದು: ಹನ್ನೆರಡು ಸೂತ್ರಗಳು

ಬೆಳಗ್ಗೆ ಏಳು ಗಂಟೆಗೆ ಬೆಂಗಳೂರಿನ ಶಿವಾಜಿನಗರ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಟೀ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಎಡಗೈಯಲ್ಲಿ ಗಾಜಿನ ಲೋಟ, ಬಲಗೈಯಲ್ಲಿ ಸಿಗರೇಟು. ಅಂಗಡಿಯ ಕಂಬಕ್ಕೆ ದಾರ ಕಟ್ಟಿ ನೇತುಬಿಟ್ಟ ಲೈಟರು. ಮುಂಚೆ ಅದೇ ಜಾಗದಲ್ಲಿ ತುದಿಯಲ್ಲಿ ಕೆಂಡ ಹೊತ್ತ ತೆಂಗಿನ ನಾರಿನ ಹಗ್ಗ ನೇತಾಡುತ್ತಿತ್ತು. ಗಿರಾಕಿಯ ಕೈಗೆ ಬರುವುದು ಒಂದೇ ಒಂದು ಬಿಡಿ ಸಿಗರೇಟು. ಪ್ಯಾಕೆಟ್ಟು ಅಂಗಡಿಯವನ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಉಳಿಯುತ್ತದೆ. ಆ ಪ್ಯಾಕೆಟ್ಟಿನ ಮೇಲೆ, ಹುಣ್ಣಾದ ಬಾಯಿಯ ಚಿತ್ರದ ಜೊತೆಗೆ, 2018ರ ಸೆಪ್ಟೆಂಬರಿನಿಂದ ಒಂದು ಫೋನ್ ನಂಬರು ಅಚ್ಚಾಗುತ್ತಿದೆ. ಸಿಗರೇಟು ಬಿಡಲು ಉಚಿತವಾಗಿ ನೆರವಾಗುವ ನಂಬರು. ಬಿಡಿಯಾಗಿ ಕೊಳ್ಳುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನಾನು ಹಲಸೂರಿನವನು. ಹತ್ತೊಂಬತ್ತು ವರ್ಷ ಸೇದಿದೆ. ಎರಡು ಸಲ ಹೆಚ್ಚುಕಡಿಮೆ ಬರೀ ಛಲದ ಮೇಲೆ ಬಿಟ್ಟು ಎರಡು ಸಲವೂ ಸೋತೆ. ಮೂರನೇ ಸಲ ನೆರವು ಕೇಳಿದೆ, ಬಿಟ್ಟೆ. ಆ ಎರಡು ಸೋಲಿಗೂ ಮೂರನೆಯ ಗೆಲುವಿಗೂ ನಡುವೆ ನನ್ನ ಮನೋಬಲವೇನೂ ಹೆಚ್ಚಾಗಿರಲಿಲ್ಲ. ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದಷ್ಟೇ ಗೊತ್ತಾಗಿತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ.

1. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ

1800-11-2356. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. ಇದು 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಶುರುವಾಯಿತು. 2018ರಲ್ಲಿ ಮುಂಬೈ, ಗುವಾಹಟಿಗಳ ಜೊತೆ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲೂ ಕೇಂದ್ರ ತೆರೆಯಿತು. ದಕ್ಷಿಣದ ಭಾಷೆಗಳ ಕರೆಗಳನ್ನು ನೋಡಿಕೊಳ್ಳುವುದು ಅಲ್ಲಿಂದಲೇ, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ, ಚೀಟಿಯಿಲ್ಲ, ಸರದಿಯಲ್ಲಿ ಕೂರಬೇಕಿಲ್ಲ. ಎಷ್ಟು ಸೇದುತ್ತೀರಿ, ಯಾವಾಗ ಸೇದುತ್ತೀರಿ, ಮೊದಲು ಬಿಟ್ಟಿದ್ದಿರಾ ಎಂದು ಕೇಳುತ್ತಾರೆ, ಬಿಡುವ ದಿನ ನಿಮ್ಮಿಂದಲೇ ಗೊತ್ತು ಮಾಡಿಸುತ್ತಾರೆ, ಆಮೇಲೆ ತಾವೇ ಕರೆ ಮಾಡಿ ವಿಚಾರಿಸುತ್ತಾರೆ. ಈ ಕೊನೆಯದೇ ದೊಡ್ಡದು. ಎಂಟನೇ ದಿನ ಯಾರೋ ಅಪರಿಚಿತರು ಫೋನ್ ಮಾಡಿ "ಹೇಗಿದ್ದೀರಿ, ಸೇದಿಲ್ಲ ತಾನೆ?" ಎಂದು ಕೇಳಿದಾಗ "ಇಲ್ಲ" ಎನ್ನಬೇಕೆಂಬ ಆಸೆ ಹುಟ್ಟುತ್ತದಲ್ಲ, ಅದು ಎಷ್ಟೋ ಸಿಗರೇಟನ್ನು ತಡೆಯುತ್ತದೆ.

ಮಾತಾಡಲು ಸಂಕೋಚವೇ? 011-22901701ಕ್ಕೆ ಮಿಸ್ಡ್ ಕಾಲ್ ಕೊಡಿ. ಮೊಬೈಲಿಗೆ ಸಲಹೆಯ ಸಂದೇಶಗಳು ಬರುತ್ತವೆ.

2. "ನಾನು ಗಟ್ಟಿಗ, ಯಾರ ಸಹಾಯವೂ ಬೇಡ" ಎನ್ನಬೇಡಿ

ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ಇದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಲೆಕ್ಕ. ಔಷಧಿಯೂ ಸಮಾಲೋಚನೆಯೂ ಸೇರಿದರೆ ಈ ಲೆಕ್ಕ ದುಪ್ಪಟ್ಟಿಗೂ ಮೇಲೆ ಹೋಗುತ್ತದೆ. ಸೋತವರೆಲ್ಲ ದುರ್ಬಲರಲ್ಲ. ಎಳೆದ ಹೊಗೆಯ ನಿಕೋಟಿನ್ ಮಿದುಳು ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ಅಷ್ಟು ಚುರುಕಾಗಿ ಸುಖ ಕೊಡುವುದನ್ನು ದಿನಕ್ಕೆ ಹತ್ತು ಸಲ, ಇಪ್ಪತ್ತು ವರ್ಷ ಉಣಿಸಿದರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಇದನ್ನು ವೈದ್ಯರು ಕಾಯಿಲೆಯೆಂದೇ ಕರೆಯುತ್ತಾರೆ. ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳಲು ನಾಚಿಕೆಯೇಕೆ?

3. ಬೆಳಗಿನ ಮೊದಲ ಸಿಗರೇಟಿನ ಹೊತ್ತು ಬರೆದಿಡಿ

ದಿನಕ್ಕೆಷ್ಟು ಎಂಬುದಕ್ಕಿಂತ ಇದು ಮುಖ್ಯ. ಎದ್ದು ಅರ್ಧ ಗಂಟೆಯೊಳಗೆ ಹಚ್ಚುತ್ತೀರಾದರೆ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದರ್ಥ. ಔಷಧಿಯ ಪ್ರಮಾಣವೂ ಅದರ ಮೇಲೆಯೇ ನಿಲ್ಲುತ್ತದೆ. ಮೂರು ದಿನ ಬರೆದುಕೊಂಡು ಆ ಚೀಟಿಯನ್ನೇ ವೈದ್ಯರ ಮುಂದಿಡಿ. ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿಬಿಡುತ್ತದೆ.

4. ಮಾಲೆ, ರೋಜಾ, ತಪಸ್ಸುಕಾಲ: ನೀವು ಈಗಾಗಲೇ ಬಿಟ್ಟಿದ್ದೀರಿ

ಈ ಸೂತ್ರವನ್ನು ಕಲಿಸಿದ್ದು ನಮ್ಮ ಕಂಟೋನ್ಮೆಂಟು. ಇಲ್ಲಿ ಪ್ರತಿ ಬೀದಿಯಲ್ಲೂ ಸಿಗರೇಟು ಬಿಟ್ಟವರಿದ್ದಾರೆ, ತಾವು ಬಿಟ್ಟಿದ್ದೆವೆಂದು ಅವರಿಗೇ ಗೊತ್ತಿಲ್ಲ.

ಹಲಸೂರಿನ ಗಲ್ಲಿಗಳಲ್ಲಿ ಕಾರ್ತಿಕ ಬಂತೆಂದರೆ ಕಪ್ಪು ಪಂಚೆ ಉಟ್ಟು ಅಯ್ಯಪ್ಪನ ಮಾಲೆ ಹಾಕಿದವರು ಕಾಣುತ್ತಾರೆ. ನಲವತ್ತೊಂದು ದಿನದ ವ್ರತ. ದಿನಕ್ಕೆ ಒಂದೂವರೆ ಪ್ಯಾಕು ಸೇದುತ್ತಿದ್ದ ಗೆಳೆಯನೊಬ್ಬ ಆ ನಲವತ್ತೊಂದು ದಿನ ಒಂದು ದಮ್ಮೂ ಎಳೆಯುತ್ತಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಗೆ ಮತ್ತೆ ಶುರು. ಶಿವಾಜಿನಗರದಲ್ಲಿ, ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ರಂಜಾನ್ ತಿಂಗಳಿಡೀ ಸಹರಿಯಿಂದ ಇಫ್ತಾರಿನವರೆಗೆ ಸುಮಾರು ಹದಿಮೂರು ಗಂಟೆ ನೀರೂ ಇಲ್ಲ, ಹೊಗೆಯೂ ಇಲ್ಲ. ಸಂತ ಮೇರಿಯವರ ಬೆಸಿಲಿಕಾಗೆ ಹೋಗುವವರಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆ ಸಿಗರೇಟನ್ನೂ ಬಿಡುವವರಿದ್ದಾರೆ.

ಈಗ ವೈದ್ಯಶಾಸ್ತ್ರದ ಮಾತು ಕೇಳಿ. ಸಿಗರೇಟು ಬಿಟ್ಟವರಿಗೆ ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು ಮೊದಲ ಕೆಲವೇ ಗಂಟೆಗಳಲ್ಲಿ ಶುರುವಾಗಿ ಎರಡು-ಮೂರನೇ ದಿನಕ್ಕೆ ತಾರಕಕ್ಕೇರುತ್ತದೆ. ಬಹಳ ಮಂದಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿದುಹೋಗುತ್ತದೆ. ಹಾಗಾದರೆ ನಲವತ್ತೊಂದನೇ ದಿನ ಮಾಲೆ ತೆಗೆದವನ ದೇಹ ನಿಕೋಟಿನ್ ಕೇಳುತ್ತಿರಲಿಲ್ಲ. ಕಷ್ಟದ ಹಾದಿಯನ್ನೆಲ್ಲ ನಡೆದು ಮುಗಿಸಿದ್ದ. ಅವನನ್ನು ಹಿಂದಕ್ಕೆ ಕರೆದದ್ದು "ವ್ರತ ಮುಗಿಯಿತು, ಇನ್ನು ಸೇದಬಹುದು" ಎಂದು ತನಗೆ ತಾನೇ ಕೊಟ್ಟುಕೊಂಡ ಅಪ್ಪಣೆ.

ಆದ್ದರಿಂದ ಬಿಡುವ ದಿನವನ್ನು ವ್ರತದ ಮೊದಲ ದಿನಕ್ಕೆ ಇಟ್ಟುಕೊಳ್ಳಿ. ಆದರೆ ತಯಾರಿಯನ್ನು ವ್ರತ ಮುಗಿಯುವ ದಿನಕ್ಕಾಗಿ ಮಾಡಿ. ಮಾಲೆ ತೆಗೆಯುವ ಸಂಜೆ ಯಾರ ಜೊತೆ ಇರುತ್ತೀರಿ? ಹಬ್ಬದ ಬಿರಿಯಾನಿ ಉಂಡಾದ ಮೇಲೆ ಗೆಳೆಯರೆಲ್ಲ ಹೊರಗೆ ಹೋದಾಗ ನೀವು ಎಲ್ಲಿರುತ್ತೀರಿ? ಅದನ್ನು ಮೊದಲೇ ತೀರ್ಮಾನಿಸಿ. ರೋಜಾ ಇರುವವರಿಗೆ ಖರ್ಜೂರ, ನೀರು ಆದೊಡನೆ ಹಚ್ಚುವ ಆ ಒಂದು ಸಿಗರೇಟೇ ಗಂಡಾಂತರ. ಅದನ್ನೊಂದು ದಾಟಿದರೆ ರಾತ್ರಿ ದಾಟಿದಂತೆ. ರಾತ್ರಿಯಲ್ಲಿ ಗಮ್ ಬಳಸಬಹುದು, ಪ್ಯಾಚಿನ ವಿಚಾರವನ್ನು ನಿಮ್ಮ ವೈದ್ಯರನ್ನೂ ಮೌಲಾನಾರನ್ನೂ ಕೇಳಿಕೊಳ್ಳಿ.

5. ನಿಕೋಟಿನ್ ಗಮ್ಮನ್ನು ಚಿಕ್ಲೆಟ್ಟಿನಂತೆ ಅಗಿಯಬೇಡಿ

"ಗಮ್ ಟ್ರೈ ಮಾಡಿದೆ, ಬಾಯಿ ಉರೀತು, ಬಿಕ್ಕಳಿಕೆ ಬಂತು, ಬಿಸಾಕಿದೆ" ಎನ್ನುವವರು ನೂರಾರು. ನಾನೂ ಎರಡನೇ ಸಲ ಹಾಗೇ ಮಾಡಿದ್ದೆ. ಯಾರೂ ವಿಧಾನ ಹೇಳಿಕೊಟ್ಟಿರಲಿಲ್ಲ. ವಿಧಾನ ಹೀಗೆ:

ಒಂದು ಗಮ್ ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಹತ್ತು ಹದಿನೈದು ಸಲ ಅಗಿಯುವಷ್ಟರಲ್ಲಿ ಮೆಣಸಿನಂಥ ಖಾರ, ಚಿಮಚಿಮ ಹತ್ತುತ್ತದೆ. ಆಗ ನಿಲ್ಲಿಸಿ. ಎಲೆ ಅಡಿಕೆಯ ತಂಬುಲವನ್ನು ದವಡೆಗೆ ಒತ್ತಿಟ್ಟುಕೊಳ್ಳುತ್ತಾರಲ್ಲ, ಹಾಗೆ ಅದನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಬಿಡಿ. ನಿಕೋಟಿನ್ ಇಳಿಯಬೇಕಾದ್ದು ಕೆನ್ನೆಯ ಒಳಚರ್ಮದಿಂದ, ಹೊಟ್ಟೆಯಿಂದಲ್ಲ. ಚಿಮಚಿಮ ತಗ್ಗಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ಎಡೆಬಿಡದೆ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ. ಮಿದುಳಿಗೆ ತಲುಪುವುದು ಕಡಿಮೆ.

ಕಾಫಿ, ಟೀ, ನಿಂಬೆ ಷರಬತ್ತು, ಸೋಡಾ ಕುಡಿದು ಹದಿನೈದು ನಿಮಿಷ ಗಮ್ ಹಾಕಬೇಡಿ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗಿಳಿಯುವುದಿಲ್ಲ.

2 ಮಿಲಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕು. ಅದಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಮೆಲ್ಲಗೆ ಇಳಿಸುತ್ತಾ ಮೂರು ತಿಂಗಳು. ದಿನಕ್ಕೆ 24 ದಾಟಕೂಡದು. ಚರ್ಮಕ್ಕೆ ಅಂಟಿಸುವ ಪ್ಯಾಚು ಹಿನ್ನೆಲೆಯಲ್ಲಿ ಸಮನಾಗಿ ನಿಕೋಟಿನ್ ಕೊಡುತ್ತಿರುತ್ತದೆ, ಗಮ್ ಏಕಾಏಕಿ ಬರುವ ಚಡಪಡಿಕೆಗೆ; ಎರಡನ್ನೂ ಜೊತೆಗೆ ಬಳಸಿದರೆ ಒಂದಕ್ಕಿಂತ ಮೇಲು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

"ಅದರಲ್ಲೂ ನಿಕೋಟಿನ್ನೇ ಇದೆಯಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದೆ. ಆದರೆ ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರ್ ಮತ್ತು ಇತರ ವಿಷಗಳು. ಗಮ್ಮಿನಲ್ಲಿ ಅವಿಲ್ಲ. ಭಾರತದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೂ 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ.

6. ಮಾತ್ರೆಯೂ ಉಂಟು, ಕೇಳಿ ಬರೆಸಿಕೊಳ್ಳಿ

ನಾನು ಮೊದಲ ಸಲ ಒಬ್ಬ ವೈದ್ಯರ ಬಳಿ ಹೋದಾಗ ಅವರು ತಲೆಯೆತ್ತದೆ "ಬಿಟ್ಟುಬಿಡಿ" ಎಂದರು. ಅಷ್ಟೇ. ಒಂದು ಮಾತ್ರೆಯ ಹೆಸರೂ ಹೇಳಲಿಲ್ಲ. ಆ ಒಂದು ಪದ ಕೇಳಿ ಮನೆಗೆ ಬಂದು ನಾಲ್ಕು ವರ್ಷ ಸೇದಿದೆ. ನಿಮಗೆ ಹಾಗಾಗಬಾರದು, ಅದಕ್ಕೇ ಹೆಸರುಗಳನ್ನು ಬರೆಯುತ್ತಿದ್ದೇನೆ.

ವಾರೆನಿಕ್ಲಿನ್: ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನು ಅರೆಬರೆ ಕೂರುತ್ತದೆ. ಚಡಪಡಿಕೆಯೂ ತಗ್ಗುತ್ತದೆ, ಸೇದಿದರೂ ರುಚಿಸುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಹನ್ನೆರಡು ವಾರ ನುಂಗಬೇಕು. ವಾಕರಿಕೆ ಬರಬಹುದು, ಊಟದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಿದರೆ ಕಡಿಮೆ. ವಿಚಿತ್ರ ಕನಸುಗಳು ಬೀಳುವುದೂ ಉಂಟು. ಮಾನಸಿಕ ತೊಂದರೆ ತರುತ್ತದೆಂಬ ಭಯ ಹಿಂದೆ ಇತ್ತು. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ದೊಡ್ಡ ಅಧ್ಯಯನದಲ್ಲಿ ಅಂಥ ಹೆಚ್ಚಳ ಗಮನಾರ್ಹವಾಗಿ ಕಾಣಲಿಲ್ಲ.

ಬುಪ್ರೊಪಿಯಾನ್: ಮೂಲತಃ ಖಿನ್ನತೆಯ ಔಷಧಿ, ಸಿಗರೇಟು ಬಿಡಲೂ ನೆರವಾಗುತ್ತದೆ. ಫಿಟ್ಸ್ ಇರುವವರಿಗೆ, ಹಿಂದೆ ಒಮ್ಮೆ ಬಂದವರಿಗೂ ಇದು ಬೇಡವೇ ಬೇಡ.

ಎರಡಕ್ಕೂ ವೈದ್ಯರ ಚೀಟಿ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಎರಡೂ, ನಿಕೋಟಿನ್ ಗಮ್-ಪ್ಯಾಚುಗಳೂ ಇವೆ.

7. ಎಲ್ಲಿಗೆ ಹೋಗಬೇಕು?

ಹತ್ತಿರದಿಂದ ಶುರುಮಾಡಿ. ಶಿವಾಜಿನಗರದವರಿಗೆ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರ-ಹಲಸೂರಿನವರಿಗೆ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಕೆ.ಆರ್. ಪುರದವರಿಗೆ ಅಲ್ಲಿನ ಸಾರ್ವಜನಿಕ ಆಸ್ಪತ್ರೆ. ಹೊರರೋಗಿ ವಿಭಾಗದಲ್ಲಿ "ತಂಬಾಕು ಬಿಡಬೇಕು, ಔಷಧಿ ಬೇಕು" ಎಂದು ಈ ಮಾತಿನಲ್ಲೇ ಕೇಳಿ. ಕೆಮ್ಮಿಗೆಂದು ಹೋಗಿ ಕೊನೆಗೆ ಗೊಣಗಿದರೆ ಸಿರಪ್ಪು ಬರೆದು ಕಳಿಸುತ್ತಾರೆ. ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೂ ಕೇಳಬಹುದು. ಅಲ್ಲಿ ಔಷಧಿ ಇರದಿದ್ದರೂ ಮುಂದಕ್ಕೆ ಕಳಿಸುವ ಚೀಟಿ ಸಿಗುತ್ತದೆ.

ಹಲ್ಲಿನ ಡಾಕ್ಟರನ್ನು ಮರೆಯಬೇಡಿ. ದಂತ ವೈದ್ಯಕೀಯ ಕಾಲೇಜುಗಳು ತಂಬಾಕು ಬಿಡಿಸುವ ಕೇಂದ್ರ ತೆರೆಯಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮ ಭಾಗಕ್ಕೆ ಹತ್ತಿರದ್ದು ಕುಕ್ ಟೌನಿನ ಎಂ.ಆರ್. ಅಂಬೇಡ್ಕರ್ ದಂತ ಕಾಲೇಜು. ಹಲ್ಲು ಕ್ಲೀನ್ ಮಾಡಿಸುವ ನೆಪದಲ್ಲಿ ಹೋಗಿ ವಿಚಾರಿಸಿ. ಬೆಳ್ಳಗಾದ ಹಲ್ಲನ್ನು ಮತ್ತೆ ಕರೆಗಟ್ಟಿಸಲು ಮನಸ್ಸೂ ಬರುವುದಿಲ್ಲ.

ಎರಡು-ಮೂರು ಸಲ ಸೋತವರು, ಕುಡಿತವೂ ಇರುವವರು, ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ನೇರವಾಗಿ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರಕ್ಕೇ ಹೋಗುವುದು ಒಳ್ಳೆಯದು. 2002ರಲ್ಲಿ ದೇಶದಲ್ಲಿ ಮೊದಲು ತೆರೆದ ತಂಬಾಕು ನಿಲುಗಡೆ ಕ್ಲಿನಿಕ್ಕುಗಳಲ್ಲಿ ಅಲ್ಲಿಯದೂ ಒಂದು. "ಹುಚ್ಚಾಸ್ಪತ್ರೆಗೆ ಹೋಗೋದಾ?" ಎನ್ನುವ ಹಳೆಯ ಮಾತನ್ನು ದಯವಿಟ್ಟು ಬಿಡಿ. ಅಲ್ಲಿ ಸರದಿಯಲ್ಲಿ ಕೂತವರಲ್ಲಿ ನಿಮ್ಮಂಥ ಆಟೋ ಚಾಲಕರು, ಟೆಕಿಗಳು, ಮೇಷ್ಟರುಗಳೇ ಇರುತ್ತಾರೆ.

8. ಕಾಫಿ ಅರ್ಧಕ್ಕಿಳಿಸಿ

ಇದನ್ನು ಬಹಳ ಜನ ಹೇಳುವುದಿಲ್ಲ. ಸಿಗರೇಟಿನ ಹೊಗೆ ಯಕೃತ್ತನ್ನು ಚುರುಕು ಮಾಡಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದೇ ನಾಲ್ಕು ಲೋಟ ಕಾಫಿ ದೇಹದಲ್ಲಿ ಎಂಟು ಲೋಟದಷ್ಟು ಕೆಲಸ ಮಾಡತೊಡಗುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. "ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ" ಎಂದುಕೊಂಡು ಮತ್ತೆ ಹಚ್ಚುತ್ತಾರೆ. ತಪ್ಪು ಕಾಫಿಯದು. ಬೈಟೂ ಹೇಳಿ. ಕ್ಲೋಜಪಿನ್, ಒಲಾಂಜಪಿನ್, ಆಸ್ತಮಾದ ಥಿಯೋಫಿಲಿನ್ ಮಾತ್ರೆಗಳಿಗೂ ಇದೇ ನಿಯಮ. ಅವನ್ನು ನುಂಗುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ, ಪ್ರಮಾಣ ಬದಲಿಸಬೇಕಾಗುತ್ತದೆ.

9. ಐದು ನಿಮಿಷ ಕಳೆಯುವ ಜಾಗ ಗೊತ್ತುಮಾಡಿಕೊಳ್ಳಿ

ಸೇದಬೇಕೆಂಬ ಹುಕಿ ಅಲೆಯಂತೆ ಬಂದು ಮೂರರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಮುಂದೂಡಿ, ನೀರು ಕುಡಿಯಿರಿ, ಆಳವಾಗಿ ಉಸಿರಾಡಿ, ಕಾಲಿಗೆ ಕೆಲಸ ಕೊಡಿ. ನನ್ನ ಜಾಗ ಹಲಸೂರು ಕೆರೆಯ ಪಕ್ಕದ ಗುರುದ್ವಾರವಾಗಿತ್ತು. ಸಿಖ್ಖರಿಗೆ ತಂಬಾಕು ನಿಷಿದ್ಧ, ಸಿಗರೇಟು ಜೇಬಿನಲ್ಲಿಟ್ಟುಕೊಂಡು ಒಳಗೆ ಕಾಲಿಡುವಂತಿಲ್ಲ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ, ತಣ್ಣನೆಯ ನೆಲದ ಮೇಲೆ ಕೂತೆದ್ದರೆ ಐದಲ್ಲ, ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತಾ ಸೇದುತ್ತಿದ್ದವರು ಕೆಲವು ವಾರ ಮೆಟ್ರೋ ಹತ್ತಿ ನೋಡಿ. 2023ರ ಅಕ್ಟೋಬರಿನಿಂದ ಕೆ.ಆರ್. ಪುರದಿಂದ ಇಂದಿರಾನಗರ, ಹಲಸೂರಿಗೆ ಒಂದೇ ರೈಲು. ನಿಲ್ದಾಣದ ಒಳಗೆ ಹೊಕ್ಕರೆ ಸೇದುವ ಮಾತೇ ಇಲ್ಲ. ಇಂದಿರಾನಗರದ ಪಬ್ಬುಗಳಿಗೆ ಮಾತ್ರ ಮೊದಲ ಒಂದು ತಿಂಗಳು ಹೋಗಲೇಬೇಡಿ: ಎರಡು ಗುಟುಕು ಇಳಿದ ಮೇಲೆ ಯಾವ ಸೂತ್ರವೂ ನೆನಪಿರುವುದಿಲ್ಲ.

10. ಅಡ್ಡದಾರಿಗಳು ಬೇಡ

ಬೀಡಿ ಸಿಗರೇಟಿಗಿಂತ ಸೌಮ್ಯವಲ್ಲ. ಆರದಂತೆ ಜೋರಾಗಿ ಎಳೆಯಬೇಕಾದ್ದರಿಂದ ಟಾರ್, ಕಾರ್ಬನ್ ಮಾನಾಕ್ಸೈಡ್ ಹೆಚ್ಚೇ ಒಳಗೆ ಹೋಗುತ್ತದೆ. ವೇಪ್ ಮಾರಾಟವನ್ನು 2019ರಲ್ಲಿ ಇಡೀ ದೇಶದಲ್ಲೇ ನಿಷೇಧಿಸಲಾಗಿದೆ. ಹುಕ್ಕಾ ಬಾರುಗಳನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಿತು. ಸಿಗರೇಟು ಬಿಟ್ಟು ಗುಟ್ಕಾ ಹಿಡಿದವರನ್ನು ಬಾಯಿಯ ಕ್ಯಾನ್ಸರ್ ವಾರ್ಡಿನಲ್ಲಿ ನೋಡಿದ್ದೇನೆ.

11. ಕಾನೂನನ್ನು ನಿಮ್ಮ ಜೊತೆಗಾರನನ್ನಾಗಿ ಮಾಡಿಕೊಳ್ಳಿ

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ; 21 ತುಂಬದವರಿಗೆ ಮಾರುವಂತಿಲ್ಲ, ಬಿಡಿಯಾಗಿ ಮಾರುವಂತಿಲ್ಲ. ಬಿಡಿ ಕೊಳ್ಳುವುದನ್ನು ನೀವಾಗಿಯೇ ನಿಲ್ಲಿಸಿ. ಒಂದಕ್ಕೆ 20 ರೂಪಾಯಿ ಎಂದಿಟ್ಟುಕೊಂಡು ದಿನಕ್ಕೆ ಹತ್ತರ ಲೆಕ್ಕ ಹಾಕಿ: ತಿಂಗಳಿಗೆ 6,000, ವರ್ಷಕ್ಕೆ 73,000. ಬಿಡಿಯಾಗಿ ಕೊಂಡವನಿಗೆ ಈ ಲೆಕ್ಕ ಎಂದೂ ಕಾಣುವುದಿಲ್ಲ.

12. ಜಾರಿದರೆ ಅದೇ ದಿನ ಎದ್ದುಬಿಡಿ

ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ ಒಂದು ಸೇದಿಬಿಟ್ಟಿರಿ. "ಹೋಯಿತು, ಎಲ್ಲ ಹಾಳಾಯಿತು" ಎಂದು ಪ್ಯಾಕು ಕೊಳ್ಳಬೇಡಿ. ಒಂದು ಸಿಗರೇಟು ಒಂದೇ ಸಿಗರೇಟು. ಗಮ್ಮನ್ನೋ ಮಾತ್ರೆಯನ್ನೋ ನಿಲ್ಲಿಸದೆ ಮುಂದುವರಿಸಿ, ಅವತ್ತೇ ಕ್ವಿಟ್‌ಲೈನಿಗೆ ಕರೆ ಮಾಡಿ ನಡೆದದ್ದನ್ನು ಹೇಳಿ. ಮನಸ್ಸು ತೀರಾ ಕುಗ್ಗಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಕೆಮ್ಮು ಮೊದಲಿಗೆ ಹೆಚ್ಚಾದರೆ ಹೆದರಬೇಡಿ. ಉಸಿರುನಾಳದ ಸೂಕ್ಷ್ಮ ರೋಮಗಳು ಮತ್ತೆ ಗುಡಿಸಲು ಶುರುಮಾಡಿವೆ. ವರ್ಷದೊಳಗೆ ನಾಲ್ಕೈದು ಕಿಲೋ ತೂಕ ಏರಬಹುದು, ಅದನ್ನು ಆಮೇಲೆ ಇಳಿಸೋಣ.

ಮನೆಯವರಿಗೊಂದು ಮಾತು. ಮೊದಲ ಎರಡು ವಾರ ಸಿಗರೇಟು ಬಿಟ್ಟವರು ಸಿಡುಕುತ್ತಾರೆ, ತಟ್ಟೆ ಸರಿಸುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. "ಇದಕ್ಕಿಂತ ಸೇದೋದೇ ವಾಸಿ" ಎಂದು ಮಾತ್ರ ಅನ್ನಬೇಡಿ. ನನ್ನ ಹೆಂಡತಿ ಆ ಮಾತು ಆಡಲಿಲ್ಲ. ಅವಳ ಋಣ ದೊಡ್ಡದು.

ಕೊನೆಯ ಸಿಗರೇಟು ಆರಿಸಿದ 20 ನಿಮಿಷಕ್ಕೆ ಹೃದಯದ ಬಡಿತ ಇಳಿಯುತ್ತದೆ. 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ವರ್ಷ ತುಂಬಿದಾಗ, ಸೇದುವುದರಿಂದ ಬಂದಿದ್ದ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿದಿರುತ್ತದೆ. ನಾಳೆ ಬೆಳಗ್ಗೆ ಟೀ ಅಂಗಡಿಗೆ ಹೋದಾಗ ಸಿಗರೇಟು ಕೇಳುವ ಮೊದಲು ಅಂಗಡಿಯವನಿಂದ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು ಆ ನಂಬರನ್ನೊಮ್ಮೆ ನೋಡಿ, ಅಲ್ಲೇ ನಿಂತು ಕರೆ ಮಾಡಿ. ಲೈನು ಸಿಗದಿದ್ದರೆ ಮಾರನೆಯ ದಿನ ಮತ್ತೆ ಮಾಡಿ: 1800-11-2356.